ಕಲ್ಲಗುಡ್ಡದ ಐದನೆಯ ತಿರುವು

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಆ ಮಠಕ್ಕೊಬ್ಬರು ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜಾರು. ಹೆಸರು ನಿರ್ವಾಣಯ್ಯ, ವಯಸ್ಸು ಅರವತ್ತೆಂಟು, ವಾಹನ ಸೈಕಲ್ಲು.

ಭಕ್ತರು ಒಮ್ಮೆ ಕಾರು ಕೊಡಿಸಿದ್ದರು. ಅಜ್ಜಾರು ಅದನ್ನು ಹೆರಿಗೆ ಆಸ್ಪತ್ರೆಗೆ ಒಪ್ಪಿಸಿ, ಕಾವಿಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಮತ್ತೆ ಪೆಡಲು ತುಳಿಯುತ್ತ ಹಳ್ಳಿ ಹಳ್ಳಿ ಸುತ್ತಿದರು. ಅಂದಿನಿಂದ ಮಠಕ್ಕೆ ಶಾಸ್ತ್ರ ಕೇಳಲು ಬರುವವರು ಕಡಿಮೆಯಾದರು, ಸೈಕಲ್ಲಿನವರು ಹೆಚ್ಚಾದರು. ಅಜ್ಜಾರೇನೂ ಬೇಸರ ಮಾಡಿಕೊಳ್ಳಲಿಲ್ಲ.

ಮಠದಿಂದ ಎರಡು ಹರದಾರಿ ದೂರದಲ್ಲಿ ಕಲ್ಲಗುಡ್ಡ. ಗುಡ್ಡ ಹತ್ತಲು ಏಳು ತಿರುವಿನ ಡಾಂಬರು ದಾರಿ. ಕಾಲು ನೆಲಕ್ಕೆ ಊರದೆ ಏಳೂ ತಿರುವು ಹತ್ತಿದ ಶಿಷ್ಯರು ಭಾನುವಾರದ ಪ್ರಸಾದಕ್ಕೆ ಮುಂಚೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ನಾನು ಹತ್ತಿದೆ" ಎನ್ನಬೇಕು.

ಅಷ್ಟೇ. ಹಾರವಿಲ್ಲ, ಶಾಲಿಲ್ಲ. "ಗುರುಗಳ ಕೃಪೆ" ಎನ್ನುವಂತೆಯೂ ಇಲ್ಲ.

ಎಷ್ಟೋ ಜನರಿಗೆ ಗುಡ್ಡಕ್ಕಿಂತ ಈ ಎರಡು ಮಾತೇ ಕಡಿದಾಗಿ ಕಾಣುತ್ತಿತ್ತು. ನಮ್ಮವರು ಮಕ್ಕಳಿಗೆ ನಡೆಯಲು ಕಲಿಸುವ ಮೊದಲೇ ತಲೆ ತಗ್ಗಿಸಲು ಕಲಿಸಿರುತ್ತಾರಲ್ಲ.

ಮಹಾನಂದಾ ಎರಡು ವರ್ಷದಿಂದ ಅಜ್ಜಾರ ಶಿಷ್ಯೆ. ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಮೂವತ್ತಾರು ವಯಸ್ಸು. ಬೆಳಗ್ಗೆ ಅವಳು ಹೆಲ್ಮೆಟ್ಟು ಹಾಕಿಕೊಂಡು ಹೊರಟರೆ ಓಣಿಯವರು, "ಪಗಾರ ಬರತೈತಿ, ಒಂದು ಸ್ಕೂಟಿ ತಗೋಬಾರದ?" ಎನ್ನುತ್ತಿದ್ದರು. ಅವಳು ನಕ್ಕು ಮುಂದೆ ಹೋಗುತ್ತಿದ್ದಳು.

ಆ ವರ್ಷ ಕಬ್ಬಿನ ಸುಗ್ಗಿಯಲ್ಲಿ ಅವಳು ಇನ್ನೂರು ಕಿಲೋಮೀಟರಿನ ಸವಾರಿಗೆ ಹೆಸರು ಕೊಟ್ಟಳು. ಯಾರ ನೆರವೂ ಇಲ್ಲದೆ ಹದಿಮೂರೂವರೆ ತಾಸಿನೊಳಗೆ ಮುಗಿಸಿದವರಿಗೆ ಪದಕ. ನೂರೆಂಬತ್ತು ಕಿಲೋಮೀಟರು ತುಳಿದು ತೊಡೆ ಕಲ್ಲಾದ ಮೇಲೆ ಕಲ್ಲಗುಡ್ಡ ಎದುರಾಗುತ್ತದೆ.

ಅವಳು ಮುಗಿಸಿದಳು, ಹನ್ನೊಂದು ನಿಮಿಷ ಉಳಿಸಿಕೊಂಡು. ತಾಲೂಕಿನಲ್ಲಿ ಈ ಪದಕ ಪಡೆದ ಮೊದಲ ಹೆಣ್ಣುಮಗಳು. ಸ್ಕೂಟಿಯ ಮಾತು ಆಡಿದವರೇ ಓಣಿಯಲ್ಲಿ ಪಟಾಕಿ ಹೊಡೆದರು.

ಭಾನುವಾರ ಮಠದಲ್ಲಿ ಎಲ್ಲರೂ ಅವಳನ್ನು ಎಬ್ಬಿಸಿ ನಿಲ್ಲಿಸಿದರು.

ಮಹಾನಂದಾ ನೆಲ ನೋಡುತ್ತ ನಿಂತಳು. ಆಮೇಲೆ ಕೈ ಮುಗಿದು, "ಎಲ್ಲಾ ಅಜ್ಜಾರ ಆಶೀರ್ವಾದರಿ. ನಂದೇನಿಲ್ಲ" ಎಂದಳು.

"ಎಷ್ಟು ವಿನಯ ನೋಡ್ರಿ!" ಎಂದು ಕೂತವರು ಕೊಂಡಾಡಿದರು.

ಅಜ್ಜಾರು ಅವಳನ್ನೇ ನೋಡಿದರು.

"ನನ್ನ ಆಶೀರ್ವಾದಕ್ಕ ಮೊಣಕಾಲಿಲ್ಲವ್ವಾ. ಅದು ಗುಡ್ಡ ಹತ್ತಂಗಿಲ್ಲ. ಕುಂದರು, ಉಣ್ಣು."

ಅವಳು ಕೂತಳು. ಗೋಧಿ ಹುಗ್ಗಿ ಅವಳಿಗೆ ಪ್ರಾಣ. ಆ ದಿನ ಅದನ್ನು ಎಲೆಯಲ್ಲೇ ಬಿಟ್ಟು ಎದ್ದಳು.

ಉಂಡವರೆಲ್ಲ ಹೋದ ಮೇಲೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ಟ್ಯೂಬಿನ ಪಂಕ್ಚರ್ ಹುಡುಕುತ್ತಿದ್ದರು. ಮಹಾನಂದಾ ಬಂದು ಎರಡು ಮೆಟ್ಟಿಲು ಕೆಳಗೆ ಕೂತಳು.

"ಅಜ್ಜಾರ, ಅಹಂಕಾರ ಕಳಕೊಳ್ಳೋದು ಹೆಂಗರಿ?"

"ಯಾರದು?"

"ನಂದರಿ."

ಅಜ್ಜಾರು ಟ್ಯೂಬನ್ನು ನೀರಿನಲ್ಲಿ ಅದ್ದಿ ಹಿಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ತೂತು ಎಲ್ಲೈತಿ, ಹೇಳು ನೋಡೂಣು."

"ಅದರಾಗ ಗಾಳಿನ ಇಲ್ಲಲ್ಲರಿ. ಮೊದ್ಲ ಗಾಳಿ ಹೊಡೀಬೇಕು, ಆಮ್ಯಾಲೆ ತೂತು ಕಾಣತೈತಿ."

"ಇಷ್ಟು ತಿಳದಾಕಿ, ಖಾಲಿ ಟ್ಯೂಬು ಹಿಡಕೊಂಡು ನನ್ನ ಹತ್ರ ಯಾಕ ಬಂದಿ?"

ಮಹಾನಂದಾಗೆ ಅರ್ಥವಾಯಿತು: ತನ್ನಲ್ಲಿ ಇಲ್ಲದ್ದನ್ನು ಕಳೆದುಕೊಳ್ಳಲು ಬಂದಿದ್ದಳು. ಮುಖಕ್ಕೆ ಹೊಡೆದಂತಾಯಿತು. ಹೊಳೆಯ ಕಡೆ ತಿರುಗಿ ಕೂತಳು.

"ಐದನೇ ತಿರುವಿನ್ಯಾಗ ಒಂದು ಟ್ರ್ಯಾಕ್ಟರ್ ಬಂತರಿ" ಎಂದಳು ಕೊನೆಗೆ. "ಫ್ಯಾಕ್ಟರಿಗೆ ಕಬ್ಬು ಹಾಕಿ ಖಾಲಿ ಹೊಂಟಿತ್ತು. ಹಿಂದ ಸರಪಳಿ ಜೋತಾಡತಿತ್ತು."

ಅಜ್ಜಾರು ಟ್ಯೂಬು ಕೆಳಗಿಟ್ಟರು.

ಮುಂದೆ ಹೇಳುವುದೇ ಬೇಕಿರಲಿಲ್ಲ. ಆ ಕಡೆ ಸೈಕಲ್ಲಿನಲ್ಲಿ ಶಾಲೆಗೆ ಹೋದ ಮಕ್ಕಳೆಲ್ಲ ಟ್ರ್ಯಾಕ್ಟರಿನ ಹಿಂದಿನ ಸರಪಳಿ ಹಿಡಿದು ಏರು ದಾಟಿದವರೇ. ಮಹಾನಂದಾ ಕೂಡ ಏಳನೆಯ ಇಯತ್ತೆಯಿಂದ ಹತ್ತನೆಯವರೆಗೆ ಹಾಗೇ ಶಾಲೆ ಮುಟ್ಟಿದವಳು. ಅಭ್ಯಾಸ ಬಲ. ತಲೆ ಬೇಡ ಎನ್ನುವಷ್ಟರಲ್ಲಿ ಕೈ ಹೋಗಿ ಹಿಡಿದಿತ್ತು.

"ಎಷ್ಟು ದೂರ?"

"ಒಂದ ತಿರುವರಿ."

"ಹೆಂಗಿತ್ತು?"

"ಆರಾಮಿತ್ತು" ಎಂದಳು. "ಎರಡು ಸಲ ಪಂಕ್ಚರ್ ಆತರಿ. ನಾಯಿ ಬೆನ್ನಟ್ಟಿದುವು. ಎದುರುಗಾಳಿ ಒಳಗ ಎಪ್ಪತ್ತು ಕಿಲೋಮೀಟರು ಒಬ್ಬಾಕಿನ ತುಳದೀನಿ. ಅದೆಲ್ಲಾ ನಂದರಿ, ಅಜ್ಜಾರ. ಆದ್ರ ಆ ಒಂದು ತಿರುವಿನಿಂದ ಯಾವುದೂ ನಂದು ಅನ್ನಾಕ ಬಾಯಿ ಬರವಲ್ದು."

"ಸವಾರಿ ನಡಿಸಿದವರಿಗೆ ಹೇಳೀಯೇನು?"

"ಇಲ್ಲರಿ."

"ಫೋನು ಐತಲ್ಲ?"

ಅವಳು ಅಲ್ಲೇ, ಮೆಟ್ಟಿಲ ಮೇಲೆ ಕೂತೇ, ಫೋನು ಮಾಡಿದಳು. ಆ ಕಡೆಯವನು ಒಳ್ಳೆಯ ಮನುಷ್ಯ. ಎಲ್ಲ ಕೇಳಿ, "ಯಾರೂ ನೋಡಿಲ್ಲ ಬಿಡ್ರಿ ಮೇಡಮ್. ಇಷ್ಟರ ಸಲುವಾಗಿ ಯಾಕ ತಲಿ ಕೆಡಿಸ್ಕೊಂತೀರಿ?" ಎಂದ.

"ನಾ ನೋಡೀನ್ರಿ" ಎಂದಳು ಮಹಾನಂದಾ. "ಹೆಸರು ತಗೀರಿ. ಪದಕ ನಾಳೆ ಪೋಸ್ಟಿಗೆ ಹಾಕ್ತೀನಿ."

ಅವಳು ಫೋನು ಇಟ್ಟಳು.

"ಹಗುರ ಆತೇನು?" ಎಂದರು ಅಜ್ಜಾರು.

"ಆತರಿ. ಈಗರ ನನ್ನ ಗರ್ವ ಹೋದಂಗ ಆತಲ್ಲರಿ?"

"ಅದಕ್ಕ ಹೋಗು ಅಂದವರು ಯಾರು?" ಅಜ್ಜಾರು ಗದರಿದರು. "ಎರಡು ವರ್ಷದಿಂದ ಅದು ಬರಲಿ ಅಂತ ನಾ ದಾರಿ ಕಾಯಾಕತ್ತೀನಿ. ಬುಧವಾರ ಮುಂಜಾನೆ ಆರಕ್ಕ ಗುಡ್ಡದ ಬುಡಕ್ಕ ಬಾ."

ಬುಧವಾರ ಇಬ್ಬರೂ ಬಂದರು. ಮಹಾನಂದಾ ವಾಡಿಕೆಯಂತೆ ಕಾಲಿಗೆರಗಲು ಬಗ್ಗಿದಳು. ಅಜ್ಜಾರು ಹಿಂದೆ ಸರಿದರು.

"ಇವತ್ತ ಬ್ಯಾಡ. ಆಮ್ಯಾಲೆ ನನ್ನ ಮ್ಯಾಲೆ ಹಾಕ್ತಿ."

ಅವಳು ಹೊರಟಳು.

ಮೊದಲ ಎರಡು ತಿರುವು ಮಾತಾಡುತ್ತ ಹತ್ತಬಹುದು. ಮೂರನೆಯದರಲ್ಲಿ ಮಾತು ನಿಲ್ಲುತ್ತದೆ. ನಾಲ್ಕನೆಯದರಲ್ಲಿ ಗೇರು ಮುಗಿಯುತ್ತದೆ. ಇನ್ನು ಇಳಿಸಲು ಏನೂ ಇರುವುದಿಲ್ಲ, ಕಾಲು ಮತ್ತು ಗುಡ್ಡ ಎರಡೇ. ಮಹಾನಂದಾ ಎದ್ದು ನಿಂತು ತುಳಿದಳು, ಕೂತು ತುಳಿದಳು. ಬೆವರು ಕಣ್ಣಿಗಿಳಿದು ಉರಿಯಿತು. ಅಜ್ಜಾರು ಎಲ್ಲೋ ಹಿಂದೆ ಉಳಿದಿದ್ದರು.

ಐದನೆಯ ತಿರುವಿನಲ್ಲಿ ಹಿಂದಿನಿಂದ ಸದ್ದು ಬಂತು. ಖಾಲಿ ಟ್ರ್ಯಾಕ್ಟರ್. ಪಕ್ಕಕ್ಕೆ ಬಂದ ಡ್ರೈವರ್ ವೇಗ ತಗ್ಗಿಸಿ, ಬಾಯಿ ತುಂಬ ನಕ್ಕ.

"ಅಕ್ಕಾರ! ಅವತ್ತ ಸರಪಳಿ ಹಿಡಿದವರು ನೀವ ಅಲ್ಲ? ಹಿಡೀರಿ, ಹಿಡೀರಿ, ನಾ ಸಾವಕಾಶ ಹೊಡೀತೀನಿ!"

ಹಾಗಾದರೆ ಒಬ್ಬ ನೋಡಿದ್ದ. ಮಹಾನಂದಾಗೆ ಒಂದು ಕ್ಷಣ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮರುಕ್ಷಣ ಏಕೋ ನಗು ಬಂತು. ಫೋನು ಮಾಡಿ ಆಗಿತ್ತಲ್ಲ, ಇನ್ನು ಮುಚ್ಚಿಡಲು ಏನಿತ್ತು?

"ಹೌದಪ್ಪಾ, ನಾನ!" ಎಂದು ಏದುಸಿರಿನಲ್ಲೇ ಕೂಗಿದಳು. "ಇವತ್ತ ಒಲ್ಲೆ! ನೀ ನಡಿ!"

ಅವನು ಪಾಪ, ಅವಳ ಮೇಲಿನ ಕರುಣೆಯಿಂದ ಅರ್ಧ ತಿರುವು ಜೊತೆಗೇ ಬಂದ. ಸರಪಳಿ ಕೈಗೆ ಸಿಗುವಷ್ಟು ಹತ್ತಿರ ತೂಗುತ್ತಿತ್ತು. ಅವಳ ಬಲಗೈ ಹ್ಯಾಂಡಲನ್ನು ಬಿಡಲಿಲ್ಲ. ಕಡೆಗೆ ಅವನೇ ಬೇಸತ್ತು, ಹೊಗೆ ಬಿಟ್ಟು ಹೋದ.

ಆರನೆಯ ತಿರುವಿನಲ್ಲಿ ಸೈಕಲ್ಲು ಕುಡಿದವನ ಹಾಗೆ ತೊನೆಯಿತು. ದಾರಿಯ ಮೇಲೆ ಹೊರಟ ಎಮ್ಮೆಯೊಂದು ಅವಳನ್ನು ಹಿಂದೆ ಹಾಕಿತು. ಹಾಕಲಿ ಬಿಡು ಅಂದುಕೊಂಡಳು. ಕಾಲು ನೆಲ ಕೇಳಿತು, ಅವಳು ಕೊಡಲಿಲ್ಲ.

ಏಳನೆಯ ತಿರುವು ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಪೆಡಲು ಇದ್ದಕ್ಕಿದ್ದಂತೆ ಹಗುರಾಯಿತು. ಎದುರಿಗೆ ಬಯಲು, ಬಯಲಿನಲ್ಲಿ ಬಿಸಿಲು, ಒಂದು ಚಹಾದ ಗುಡಿಸಲು.

ಮಹಾನಂದಾ ಇಳಿದು, ತಿರುಗಿ, ತಾನು ಬಂದ ದಾರಿ ನೋಡಿದಳು. ಏಳು ತಿರುವೂ ಕಾಣುತ್ತಿದ್ದವು. ಒಂದೊಂದಾಗಿ ಎಣಿಸಿದಳು. ಐದನೆಯದರ ಮೇಲೂ ಕಣ್ಣು ತಪ್ಪಿಸದೆ ಎಣಿಸಿದಳು. ಎದೆ ಉಬ್ಬಿ ಬಂತು, ಕಣ್ಣು ತುಂಬಿ ಬಂತು. ಪದಕವಿಲ್ಲ, ಪಟಾಕಿಯಿಲ್ಲ, ಓಣಿಯವರಿಲ್ಲ. ಇಷ್ಟು ಹೆಮ್ಮೆ ಅವಳು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅಜ್ಜಾರು ಕಂಡರು. ಸೈಕಲ್ಲು ತಳ್ಳಿಕೊಂಡು, ನಡೆದು ಬರುತ್ತಿದ್ದರು.

ಚಹಾದಂಗಡಿಯ ನೀಲವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಅಜ್ಜಾರ, ಇವತ್ತೂ ಹತ್ತಿ ಬಂದ್ರೇನ್ರಿ?"

"ಇಲ್ಲವ್ವಾ ನೀಲವ್ವಾ!" ಅಜ್ಜಾರು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದರು. "ಆರನೇ ತಿರುವಿನ್ಯಾಗ ಉಸರು ಹೋತು, ಇಳದೆ! ಅಲ್ಲಿಂದ ನಡಕೊಂತ ಬಂದೆ!"

ಆ ದನಿಯಲ್ಲಿ ಒಂದಿಷ್ಟೂ ಸಂಕೋಚವಿರಲಿಲ್ಲ. ಏಳನ್ನೂ ಹತ್ತಿ ಬಂದ ದಿನವೂ ಅವರು ಇಷ್ಟೇ ಜೋರಾಗಿ ಹೇಳುತ್ತಿದ್ದರು.

ಅವರು ಬಂದು ಕಲ್ಲಿನ ಮೇಲೆ ಕೂತರು. ಮಹಾನಂದಾ ನೀರು ಕೊಟ್ಟಳು. ಕುಡಿದರು. ಹೇಗಾಯಿತು ಎಂದು ಕೇಳಲಿಲ್ಲ.

"ಅಜ್ಜಾರ."

"ಹಾಂ."

"ನಾ ಹತ್ತಿದೆ" ಎಂದಳು ಮಹಾನಂದಾ. ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ.

ಅಜ್ಜಾರು ಕಿವಿಗೆ ಕೈ ಹಚ್ಚಿದರು.

ಅವಳು ನೀಲವ್ವನ ಕಡೆ ನೋಡಿದಳು, ಚಹಾ ಕುಡಿಯುತ್ತಿದ್ದ ಇಬ್ಬರು ಕುರುಬರ ಕಡೆ ನೋಡಿದಳು. ಮಾತು ಬಾಯಿಯ ತನಕ ಬಂದು ನಿಂತಿತು.

"ಹಿಂಗ ಎಲ್ಲಾರ ಮುಂದ ಹೇಳಿದ್ರ ಅಹಂಕಾರ ಆಗಂಗಿಲ್ಲೇನ್ರಿ, ಅಜ್ಜಾರ?"

"ಆದ್ರ ಆಗಲಿ. ಗುಡ್ಡ ಎಲ್ಲೂ ಹೋಗಂಗಿಲ್ಲ, ನಾಳೆ ಅದ ಇಳಿಸತೈತಿ. ಇವತ್ತ ಮಾತ್ರ ಸಣ್ಣ ದನಿಯಾಗ ಹೇಳಬ್ಯಾಡ."