ಚಿಗಟದ ಸಾಕ್ಷಿ

ಕಂಬಾರರ ಬೀದಿಯ ನಾಯಿ ಟೈಗರಪ್ಪನಿಗೆ ಹೊರಗಿನವರ ವಾಸನೆ ಬಂದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಬಾಯಾರಿದ ಬಿಳಿ ನಾಯಿಯೊಂದು ಎಲ್ಲಿಂದಲೋ ಬಂದು ಬೀದಿಯ ನೀರಿನ ತೊಟ್ಟಿಗೆ ಮೂತಿ ಹಾಕಿತು. ಟೈಗರಪ್ಪ ಅದನ್ನು ಅಡ್ಡಗಟ್ಟಿ, ಬೀದಿಗೆಲ್ಲ ನ್ಯಾಯ ಹೇಳುವ ಎಮ್ಮೆಯ ಮುಂದೆ ತಂದು ನಿಲ್ಲಿಸಿದ.

“ಎಮ್ಮಕ್ಕಾ, ಈ ಬೀದೀಲಿ ಹುಟ್ಟದವರಿಗೆ ಈ ನೀರಿಲ್ಲ ಅಂತ ತೀರ್ಪು ಕೊಡಿ. ಇವಳನ್ನ ಓಡಿಸಿಬಿಡ್ತೀನಿ!”

ಎಮ್ಮೆ ಸಾವಕಾಶವಾಗಿ ಮೆಲುಕು ಹಾಕಿತು. “ಕೊಡೋಣಪ್ಪ. ಆದರೆ ಕಾನೂನು ಅಂದಮೇಲೆ ಎಲ್ಲರಿಗೂ ಒಂದೇ. ನೀನು ಹುಟ್ಟಿದ್ದೆಲ್ಲಿ?”

ಟೈಗರಪ್ಪನ ಬಾಲ ಮೆಲ್ಲಗೆ ಕೆಳಗಿಳಿಯಿತು. “ನಾನು... ಕಣ್ಣು ಬಿಡೋ ಮುಂಚೆ ತರಕಾರಿ ಲಾರೀಲಿ ಬಂದೆ.”

“ಹಾಗಾದರೆ ಇಲ್ಲೇ ಹುಟ್ಟಿದವರು ಯಾರಿದ್ದೀರಿ?”

ಟೈಗರಪ್ಪನ ಕಿವಿಯೊಳಗಿಂದ ಚಿಗಟವೊಂದು ಕೂಗಿತು: “ನಾನಿದ್ದೀನಿ ತಾಯಿ! ನಮ್ಮಪ್ಪ, ನಮ್ಮಜ್ಜ, ಎಲ್ಲ ಇದೇ ಕಿವೀಲಿ ಹುಟ್ಟಿದವರು. ನೀರೆಲ್ಲ ನನ್ನದೇ ತಾನೆ?”

“ದೂರು ವಾಪಸ್ ತಗೋತೀನಿ ಅಕ್ಕಾ,” ಎಂದು ಟೈಗರಪ್ಪ ಹಿಂದೆ ಸರಿದ.

“ಹಾಗೆಲ್ಲ ಎದ್ದು ಹೋಗೋಕೆ ಇದೇನು ಜಗಲಿ ಹರಟೆಯೇ? ತೀರ್ಪು ಕೇಳಿಕೊಂಡು ಹೋಗು. ಬಾಯಾರಿದವರು ಮೊದಲು ಕುಡಿಯಲಿ, ಬೊಗಳುವವರು ಆಮೇಲೆ ಬೊಗಳಲಿ.”

ಬಿಳಿ ನಾಯಿ ಹೊಟ್ಟೆ ತುಂಬ ಕುಡಿಯಿತು. ಟೈಗರಪ್ಪ ತನ್ನ ಸರದಿಗೆ ಕಾಯುತ್ತ, ಬೀದಿಯ ಒಬ್ಬನೇ ಒಬ್ಬ ಅಪ್ಪಟ ಸ್ಥಳೀಯನನ್ನು ಹಿಂಗಾಲಿನಿಂದ ಪರಪರ ಕೆರೆಯತೊಡಗಿದ.