ಬುದ್ಧಿಗೆ ಪ್ರವೇಶವಿಲ್ಲ

ಚಾಮರಾಜನಗರದ ಸೀಮೆಯಲ್ಲಿ ಭಕ್ತರು ಸ್ವಾಮಿಗಳನ್ನು ಕರೆಯುವುದೇ ‘ಬುದ್ಧಿ’ ಅಂತ. ಅಲ್ಲಿಗೆ ಹೊಸದಾಗಿ ಬಂದು ಆಶ್ರಮ ಕಟ್ಟಿದ ಸ್ವಾಮಿಯೊಬ್ಬರಿಗೂ ಆ ಮರ್ಯಾದೆ ಸಿಕ್ಕಿತು. ಆದರೆ ಯಾರೇ ಏನೇ ಕೇಳಲಿ, ಅವರ ಉತ್ತರ ಒಂದೇ: “ಇದು ನಿನ್ನ ಬುದ್ಧಿಯ ಆಟ. ಬುದ್ಧಿಯನ್ನು ಬಾಗಿಲಾಚೆ ಬಿಟ್ಟು ಬಾ.”

ಬಾಗಿಲು ಕಾಯುತ್ತಿದ್ದ ಕೆಂಡಗಣ್ಣನಿಗೆ ಮೊದಲಿನಿಂದಲೂ ಗುಮಾನಿ. ಕಾಣಿಕೆ ಹೊತ್ತು ತಂದವರಿಗೆ ಸ್ವಾಮಿ ಈ ಮಾತು ಹೇಳಿದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಒಂದು ಸಂಜೆ ಪುಟ್ಟಮಾದಮ್ಮ ಕಂಕುಳ ಕೂಸನ್ನು ತೋರಿಸಿ, “ತೀರ್ಥ ಕುಡಿಸಿದ್ರೂ ಜ್ವರ ಇಳೀತಿಲ್ಲ ಬುದ್ಧಿ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ?” ಅಂದಳು. ಸ್ವಾಮಿ ಕಿಡಿಕಿಡಿಯಾದರು. ಅವಳಿಗೆ ಹಳೆಯ ಉತ್ತರವನ್ನೇ ಕೊಟ್ಟು, ಕೆಂಡಗಣ್ಣನತ್ತ ತಿರುಗಿ ಗದರಿದರು: “ನಾಳೆಯಿಂದ ಬುದ್ಧಿ ಈ ಹೊಸ್ತಿಲು ದಾಟಿತೋ, ನಿನ್ನ ಕೆಲಸ ಹೋಯಿತು!”

ಬೆಳಿಗ್ಗೆ ಸಭೆ ತುಂಬಿತ್ತು. ಸ್ವಾಮಿ ಬಂದರು. ಕೆಂಡಗಣ್ಣ ಬಾಗಿಲಿಗೆ ದೊಣ್ಣೆ ಅಡ್ಡ ಹಿಡಿದ.

“ಏನೋ ಇದು?”

“ಬುದ್ಧಿನ ಒಳಕ್ಕೆ ಬಿಡಬಾರದು ಅಂತ ಅಪ್ಪಣೆ ಆಗ್ಯದೆ, ಬುದ್ಧಿ.”

“ಅದು ನನಗಲ್ಲವೋ!”

“ಇರಬಹುದು. ಆದ್ರೆ ಯಾವ ಬುದ್ಧಿ ಅಂತ ತಿಳ್ಕೊಳಕ್ಕೆ ಬುದ್ಧಿ ಬೇಕಲ್ಲ? ನಂದು ಬಾಗಿಲಾಚೆ ಅದೆ.”

ಸಭೆ ಕಿಸಕ್ಕೆಂದಿತು. ಸ್ವಾಮಿಗೆ ರೇಗಿಹೋಯಿತು. ಒಳಗಿದ್ದವರಿಗೆಲ್ಲ ಕೇಳುವಂತೆ ಕೂಗಿದರು: “ದೇವರು ತಲೆ ಕೊಟ್ಟಿರೋದು ಯಾಕೋ? ಸ್ವಲ್ಪ ಯೋಚನೆ ಮಾಡೋ!”

ಕೆಂಡಗಣ್ಣ ದೊಣ್ಣೆ ಇಳಿಸಿದ. ಕೈಮುಗಿದು ಸಭೆಯತ್ತ ತಿರುಗಿದ. “ಕೇಳುಸ್ತಾ? ಯೋಚನೆ ಮಾಡ್ಬೇಕಂತೆ. ಬುದ್ಧಿಯವರದೇ ಅಪ್ಪಣೆ.”

ಎಲ್ಲರಿಗಿಂತ ಮೊದಲು ಎದ್ದವಳು ಪುಟ್ಟಮಾದಮ್ಮ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಸ್ವಾಮಿಯ ಪಕ್ಕದಿಂದಲೇ ಹಾದು, ಆಸ್ಪತ್ರೆಯ ದಾರಿ ಹಿಡಿದಳು.