ಉಗ್ರಾಣದಲ್ಲಿ ಉಳಿದ ಭಾವಮೈದುನ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಬಿಸಿಲು ಚುರುಗುಟ್ಟುತ್ತಿತ್ತು; ಗಾಳಿಯ ಸುಳಿವಿರಲಿಲ್ಲ. ಹುಬ್ಬಳ್ಳಿಯ ಅಡಿವೆಪ್ಪ ಮಾಸ್ತರರ ಪಡಸಾಲೆಯಲ್ಲಿ ಹಾಜರಿದ್ದವರು ಐವರು: ನಲವತ್ತು ವರ್ಷ ಹಾಸ್ಯಚಿತ್ರಗಳಿಗೆ ಕಥೆ ಬರೆದಿದ್ದ ಮಾಸ್ತರರು, ಅವರಲ್ಲಿ ಚಿತ್ರಕಥೆ ಕಲಿಯುತ್ತಿದ್ದ ಗುರುಬಸಪ್ಪ, ನಾಗನಗೌಡ, ದಾವಲಸಾಬ, ಅಂದು ತನ್ನ ಕಥೆ ಓದಬೇಕಿದ್ದ ದಾನೇಶ್ವರಿ.

ಸಂಜೆ ನಾಲ್ಕಕ್ಕೆ ನಿರ್ಮಾಪಕರು ಬರುವವರಿದ್ದರು. ಹೊಸಬರ ಕಥೆಯನ್ನು ಅವರು ಒಮ್ಮೆ ಮಾತ್ರ ಕೇಳುತ್ತಿದ್ದರು. ಹಿಡಿಸದಿದ್ದರೆ ಬರೆದವರ ಹೆಸರನ್ನು ಅವರ ಮುಂದೆ ಮತ್ತೆ ಎತ್ತುವಂತಿರಲಿಲ್ಲ. ಆದ್ದರಿಂದ ದಾನೇಶ್ವರಿ, ತಪ್ಪಿದ್ದರೆ ಈಗಲೇ ಹೇಳಿರೆಂದು ಎಲ್ಲರನ್ನೂ ಕೇಳಿಕೊಂಡು ಓದಲು ಕುಳಿತಳು.

ಕಥೆ ಐದು ನಿಮಿಷದ್ದು. ಮದುವೆಮನೆಯ ಅಡುಗೆಭಟ್ಟನಿಗೆ ನಾಲಿಗೆಯ ರುಚಿ ಹೋಗಿದೆ. ಗುಟ್ಟು ಬಯಲಾಗಬಾರದೆಂದು ಅವನು ಭಾವಮೈದುನನನ್ನು ಉಗ್ರಾಣದಲ್ಲಿ ಕೂಡಿಹಾಕುತ್ತಾನೆ. ಕಿಟಕಿಯೊಳಗೆ ಸೌಟು ಚಾಚಿ, ಪ್ರತಿ ಅಡುಗೆಯ ಉಪ್ಪು ಖಾರವನ್ನೂ ಅವನಿಂದ ನೋಡಿಸುತ್ತಾನೆ. ಬೀಗರು ಉಂಡು ತೃಪ್ತರಾಗುತ್ತಾರೆ. ಭಟ್ಟನಿಗೆ ಸನ್ಮಾನವಾಗುತ್ತದೆ. ಕಥೆ ಮುಗಿಯುತ್ತದೆ.

ಮೂವರು ಹುಡುಗರೂ ಎರಡನೆಯ ವಾಕ್ಯದಿಂದಲೇ ನಗತೊಡಗಿದ್ದರು. ಅದು ಅವರೊಳಗಿನ ಒಪ್ಪಂದ. ಇಂದು ನಿನ್ನ ಕಥೆಗೆ ನಾನು ನಕ್ಕರೆ, ಮುಂದಿನ ವಾರ ನನ್ನ ಕಥೆಗೆ ನೀನು ನಗಬೇಕು. ದಾವಲಸಾಬ ಮೊಬೈಲಿನಿಂದ ಕಣ್ಣೆತ್ತದೆಯೇ ನಕ್ಕಿದ್ದ. ಓದು ಮುಗಿದೊಡನೆ ಚಪ್ಪಾಳೆ ಬಿತ್ತು. ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ ಎಂದು ಮೂವರೂ ಒಂದೇ ಉಸಿರಿಗೆ ಹೇಳಿದರು. ದಾನೇಶ್ವರಿ ನೆಮ್ಮದಿಯಿಂದ ಕಾಗದ ಮಡಚಿದಳು.

ಮಾಸ್ತರರಿಗೆ ಮೈಯೆಲ್ಲ ಉರಿಯಿತು. ಹುಡುಗಿ ಕೇಳಿದ್ದೇನು, ಇವರು ಕೊಟ್ಟಿದ್ದೇನು. ಆದರೂ ದನಿ ಏರಿಸಲಿಲ್ಲ. ಒಂದೇ ಪ್ರಶ್ನೆ ಹಾಕಿದರು.

"ಭಟ್ಟನ ಭಾವಮೈದುನ ಕೊನೀಗೆ ಏನಾದ?"

ಗುರುಬಸಪ್ಪ ತಡಮಾಡಲಿಲ್ಲ. "ಪಂಕ್ತಿ ನಡುವ ಬಂದು ಕುಣೀತಾನಲ್ರೀ ಮಾಸ್ತರ್ರ. ಅದಽ ಭಾಳ ಛಲೋ ಬಂದೈತ್ರಿ."

ಅಂಥ ಕುಣಿತ ಕಥೆಯಲ್ಲಿ ಎಲ್ಲಿಯೂ ಇರಲಿಲ್ಲ. ದಾನೇಶ್ವರಿ ಅವಸರದಿಂದ ಕಾಗದ ಬಿಚ್ಚಿ ನೋಡಿದಳು, ಮುಖ ಬಿಳಿಚಿತು. ಏಳು ಸಲ ತಿದ್ದಿ ಬರೆಯುವಷ್ಟರಲ್ಲಿ, ಭಾವಮೈದುನನನ್ನು ಹೊರಗೆ ಬಿಡುವುದನ್ನೇ ಅವಳು ಮರೆತಿದ್ದಳು. ಎಲ್ಲರೂ ಉಂಡಿದ್ದರು. ಎಲ್ಲದರ ರುಚಿ ನೋಡಿದವನು ಮಾತ್ರ ಇನ್ನೂ ಉಗ್ರಾಣದಲ್ಲೇ ಇದ್ದ.

ದಾನೇಶ್ವರಿ ಅಕ್ಕನ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆವು ಎಂದು ನಾಗನಗೌಡ ತೊದಲಿದ.

"ನೋಯಸೂದಿರ್ಲಿ, ನೀವು ಕೇಳೇ ಇಲ್ಲ," ಎಂದರು ಮಾಸ್ತರರು. "ನಾಲ್ಕಕ್ಕ ಆ ನಿರ್ಮಾಪಕ ಇದಽ ಪ್ರಶ್ನೆ ಕೇಳಿದ್ರ, ಈಕಿ ಒಬ್ಬಾಕಿನಽ ತಲಿ ತಗ್ಗಿಸಬೇಕಿತ್ತು. ಅವಾಗ ನಿಮ್ಮ ಚಪ್ಪಾಳೆ ಎಲ್ಲಿರ್ತಿತ್ತು?"

ಮಾಸ್ತರರು ಎದ್ದರು. ಮೂವರ ಮೊಬೈಲುಗಳನ್ನೂ ತೆಗೆದು ಕಪಾಟಿನಲ್ಲಿಟ್ಟರು. ಪ್ರತಿಯೊಬ್ಬನ ಕೈಗೂ ಒಂದು ಹಾಳೆ, ಒಂದು ಪೆನ್ನು ಕೊಟ್ಟರು. ಮೊದಲಿಂದ ಓದು ಎಂದು ದಾನೇಶ್ವರಿಗೆ ಸನ್ನೆ ಮಾಡಿದರು. ಬಳಿಕ ಪಡಸಾಲೆಯ ಬಾಗಿಲಿಗೆ ಅಗುಳಿ ಹಾಕಿ, ತೀರ್ಪು ಹೇಳಿದರು:

"ಆ ಭಾವಮೈದುನ ಹೊರಗ ಬರೂತನಕ ನೀವೂ ಹೊರಗ ಹೋಗೂಹಂಗಿಲ್ಲ."

ನೀತಿ: ಗಮನವಿಟ್ಟು ಕೇಳದೆ ಹೊಗಳುವವನು ಗೆಳೆಯನ ಕೆಲಸವನ್ನು ಕೆಡಿಸುತ್ತಾನೆ. ಅಭಿಪ್ರಾಯ ಕೇಳಿ ಬಂದವರಿಗೆ ಮೊದಲು ಕಿವಿಗೊಡಿ. ಆಮೇಲೆ ತಪ್ಪಿರುವ ಜಾಗವನ್ನು ಬೆರಳಿಟ್ಟು ತೋರಿಸಿ.